ಮಗ್ಗದ ಕಂಬದ ಗಂಟುಗಳು

ಮೊದಲ ಸಲ ಬಂದಾಗ ಅದು ಚಂದವೇ ಇತ್ತಂತೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ತಂಗಿ ಗಂಗವ್ವ, "ಅಣ್ಣಾ, ಗ್ವಾಡಿ ಮ್ಯಾಲೆ ಸೀರಿ ಸೆರಗು ಹೊಳ್ಯಾಕತ್ತೈತಿ ನೋಡು," ಅಂದಳು. ಗೋಡೆ ಬರಿದಾಗಿತ್ತು. ನಾವು ನೇಯುವ ಸೆರಗಿನ ಗರಗಸದಂಥ ಹಲ್ಲುಗಳನ್ನೇ ಯಾರೋ ಬೆಳಕಿನಲ್ಲಿ ನೇಯ್ದ ಹಾಗೆ, ಮೆಲ್ಲಗೆ ನಡುಗುತ್ತ, ಅವಳ ಕಣ್ಣಂಚಿನಿಂದ ಹರಡುತ್ತಿದ್ದವಂತೆ. ಅರ್ಧ ತಾಸಿಗೆ ಬೆಳಕು ಹೋಯಿತು. ನೋವು ಬಂತು. ಹಣೆಗೆ ಒದ್ದೆ ಬಟ್ಟೆ ಬಿಗಿದು ಎರಡು ದಿನ ಮಲಗಿದಳು.

ಆಮೇಲೆ ಮಗ್ಗದ ಕಂಬಕ್ಕೆ ಕೆಂಪು ನೂಲು ಇಳಿಬಿಟ್ಟಳು. ನೋವಿನ ದಿನಕ್ಕೊಂದು ಗಂಟು, ತಿಂಗಳಿಗೊಂದು ನೂಲು. ಅವಳಿಗೆ ಬರೆಯಲು ಬಾರದು. ನಾನು ನಾಲ್ಕನೇ ಇಯತ್ತೆ ಕಲಿತವನು, ಎಣಿಸಬಲ್ಲೆ.

ಬಾಗಲಕೋಟೆಯ ಡಾಕ್ಟರು ಇದು ಮೈಗ್ರೇನ್ ಅಂದರು. ನೋವು ಬಂದ ಮೇಲೆ ನುಂಗುವ ಗುಳಿಗೆ ಒಂದು, ಬರದಂತೆ ದಿನಾ ನುಂಗುವುದು ಇನ್ನೊಂದು. ದಿನದ ಗುಳಿಗೆಯಿಂದ ದಣಿವಾಗಬಹುದು, ಬೆರಳು ತಣ್ಣಗಾಗಬಹುದು. ನೋವು ಅಪರೂಪವಾದರೆ ಅದು ಬೇಡ, ಮೇಲಿಂದ ಮೇಲೆ ಬರುತ್ತಿದ್ದರೆ ಕೂಡಿ ವಿಚಾರ ಮಾಡೋಣ ಅಂದರು. ಅವಳ ಕಡೆ ತಿರುಗಿ ಕೇಳಿದರು.

"ತಿಂಗಳದಾಗ ಎಷ್ಟ ದಿನ ಬರ್ತದವ್ವಾ?"

"ಎರಡ ದಿನಾರಿ," ಅಂದೆ ನಾನು.

ಕಂಬದ ಮೇಲಿನ ಆ ತಿಂಗಳ ನೂಲಿನಲ್ಲಿ ಹನ್ನೊಂದು ಗಂಟುಗಳಿದ್ದವು.

ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವಳು ಅವಳು. ಆ ಬೆರಳುಗಳಿಲ್ಲದೆ ನನ್ನ ಮಗ್ಗ ನಡೆಯದು. ಡಾಕ್ಟರ ಅಷ್ಟು ಮಾತಿನಲ್ಲಿ ನನಗೆ ಕೇಳಿಸಿದ್ದು ಬೆರಳು ಒಂದೇ. ಅಣ್ಣ ಮಾತಾಡಿದ ಮೇಲೆ ತಂಗಿ ಬಾಯಿ ತೆರೆಯುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿದಳು. ತಲೆ ತಗ್ಗಿಸಿದಳು. ಡಾಕ್ಟರು ನೋವು ಬಂದಾಗಿನ ಗುಳಿಗೆಯನ್ನಷ್ಟೇ ಬರೆದುಕೊಟ್ಟರು.

ಮರಳುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಅಲ್ಲಿನ ಸಿಹಿ ಕರದಂಟು ತಂದುಕೊಟ್ಟೆ. ವಾಸನೆಗೇ ಮುಖ ತಿರುಗಿಸಿದಳು. ನಾನೇ ತಿಂದೆ.

ಒಂದು ವರ್ಷ ಹಾಗೇ ಹೋಯಿತು. ನೋವಿಲ್ಲದ ದಿನವೂ ಅವಳು ನೀರಿನೊಳಗೆ ನಡೆಯುವವಳಂತೆ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ಆ ವರ್ಷದ ನೂಲುಗಳನ್ನೆಲ್ಲ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಬಾಗಲಕೋಟಿಗೆ ನಡಿ. ಈ ಸಲ ನೀ ಸುಮ್ಮ ಕುಂದರು."

ಡಾಕ್ಟರ ಟೇಬಲ್ಲಿನ ಮೇಲೆ ಹನ್ನೆರಡು ಕೆಂಪು ನೂಲುಗಳು. ಅವರು ಒಂದೊಂದನ್ನೇ ಬೆರಳಿಂದ ಸವರಿ ಎಣಿಸಿದರು. ನನ್ನತ್ತ ನೋಡಿದರು.

"ಸುಳ್ಳ ಹೇಳಿದ್ನಿರಿ," ಅಂದೆ.

ಅವರು ಬೈಯಲಿಲ್ಲ. ಹಿಂದೆ ಹೇಳಿದ್ದನ್ನೆಲ್ಲ ಅವಳಿಗೇ ಇನ್ನೊಮ್ಮೆ ಹೇಳಿ, ಏನು ಮಾಡೋಣವೆಂದು ಕೇಳಿದರು.

"ಬೆರಳ ತಣ್ಣಗಾದ್ರ ಕಾಸಿಕೊಳ್ಳಾಕ ಬರ್ತದರಿ," ಅಂದಳು ಗಂಗವ್ವ. "ತಲಿ ಕಾಸಿಕೊಳ್ಳಾಕ ಬರೂದಿಲ್ಲ. ದಿನದ ಗುಳಿಗಿ ಕೊಡ್ರಿ."

ನೋವು ಪೂರ್ತಿ ಹೋಗಿಲ್ಲ. ಈ ತಿಂಗಳ ನೂಲಿನಲ್ಲಿ ಮೂರು ಗಂಟುಗಳಿವೆ. ಆ ಸುಳ್ಳಿನ ಮಾತನ್ನು ಅವಳು ಇಂದಿಗೂ ಎತ್ತಿಲ್ಲ. ಕೊಂಡಿ ಹಾಕುವ ಮುನ್ನ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಾಳೆ, ಕಣ್ಣು ಮುಚ್ಚಿ, ಬೆರಳು ಬೆಚ್ಚಗಾಗುವ ತನಕ.

ಮಗ್ಗ ನಿಂತಿರುತ್ತದೆ. ನಾನು ಕಾಯುತ್ತೇನೆ.