ಉಳಿಸು, ಅಳಿಸು

ನಮ್ಮವರ ಹೆಸರು ಸತ್ತೆಪ್ಪ. ಮೂಡಲಗಿ ಬಸ್ ನಿಲ್ದಾಣದ ಪಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ರಿಪೇರಿ ಬರೀ ನೆಪ. ಅವರ ಖರೇ ಕೆಲಸ 'ಬಯಲು' ಪ್ರಚಾರ. ಬಯಲು ಅಂದರೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಯಾವ ಕಂಪನಿಯದ್ದೂ ಅಲ್ಲ, ದೇಶದೇಶಗಳ ಸಾವಿರಾರು ಮಂದಿ ಕೂಡಿ ಕಟ್ಟಿದ್ದು. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರು ಬೇಕಾದರೂ ತಿದ್ದಬಹುದು. ಇದನ್ನೆಲ್ಲ ನಾನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ, ಏಕೆಂದರೆ ಮೂರು ವರ್ಷದಿಂದ ಊಟಕ್ಕೆ ಕೂತರೂ ಇದೇ ಪುರಾಣ.

ಇಷ್ಟಾಗಿ ಹಾಕಿಸಿಕೊಂಡವರೆಷ್ಟು? ಒಬ್ಬರೂ ಇಲ್ಲ. ಹುಕ್ಕೇರಿ ಸಂತೆಯಲ್ಲಿ ಬಯಲಿನ ಚಿಹ್ನೆಯ ಅಂಗಿ ತೊಟ್ಟು, "ಪುಕಟ ಐತ್ರಿ, ಪೂರಾ ಪುಕಟ!" ಎಂದು ಕೂಗುತ್ತ ಕರಪತ್ರ ಹಂಚಿದರು. ಒಬ್ಬ ಅಜ್ಜ ಹತ್ತಿರ ಬಂದು ಚಿಹ್ನೆ ನೋಡಿ, "ಯಾವ ಪಾರ್ಟಿ ತಮ್ಮಾ? ಎಲೆಕ್ಷನ್ ಇನ್ನಾ ದೂರ ಐತೆಲ್ಲಾ" ಎಂದ.

ನನಗೆ ತಲೆ ಕೆಟ್ಟಿತು. "ಇನ್ನೊಂದ ಸಲ ನೋಡ್ರಿ. ಆಗಲಿಲ್ಲಂದ್ರ ಗೋಕಾಕದಾಗ ನಮ್ಮಣ್ಣನ ಟೈರ್ ಅಂಗಡಿಗೆ ಕೆಲಸಕ್ಕ ಹೋಗಬೇಕು" ಎಂದೆ. ಒಪ್ಪಿದರು. ಒಪ್ಪುವಾಗಿನ ಅವರ ಮುಖ ನೋಡಿ ನನಗೇ ಪಾಪ ಅನಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ಒಂದು ಸಲ ಅಂಕಲಗಿಯ ಮಹಿಳಾ ಸಂಘಕ್ಕೆ ಹೋದೆವು. ಅಲ್ಲಿನ ಕಂಪ್ಯೂಟರ್ ಇನ್ನೇನು ಗುಜರಿಗೆ ಹೋಗುವುದರಲ್ಲಿತ್ತು. ಇವರು ಬಯಲು ಹಾಕಿದ್ದೇ ತಡ, ಚಕಚಕ ಓಡತೊಡಗಿತು. ಅಧ್ಯಕ್ಷೆ ಲಕ್ಕವ್ವ ಕೇಳಿದರು:

"ಪಗಾರ ಇಲ್ದ ಅಷ್ಟ ಮಂದಿ ಯಾಕ ದುಡದ್ರು?"

"ಒಬ್ಬರಿಗೊಬ್ಬರು ಕೂಡಿ ಮಾಡ್ತಾರ್ರಿ."

"ಮುಯ್ಯ ಅನ್ರಿ. ಇವತ್ತ ನಿಮ್ಮ ಹೊಲಕ್ಕ ನಾವು, ನಾಳಿ ನಮ್ಮ ಹೊಲಕ್ಕ ನೀವು."

ಇವರು ಕುರ್ಚಿಯಿಂದ ಜಿಗಿದರು. "ಹೌದ್ರೀ! ಮುಯ್ಯಾನ!"

"ಮತ್ತ ನಾವು ಅವರಿಗೆ ಏನ್ ತೀರಸೂದು?"

"ಏನೂ ಬ್ಯಾಡ್ರಿ."

"ಅದೆಂಥಾ ಮುಯ್ಯ? ಹಂಗ ಇಟ್ಕೊಂಡ್ರ ನಾಚಿಕಿ ಅಲ್ಲೇನ್ರಿ? ನೀವೇನ್ ತೀರಿಸೀರಿ, ಹೇಳ್ರಿ ನೋಡೂಣು."

ಮೂರು ವರ್ಷ ಹೊಗಳಿದ್ದು ಬಿಟ್ಟರೆ ನಮ್ಮವರು ಮತ್ತೇನೂ ಮಾಡಿರಲಿಲ್ಲ.

ಮಾತು ತಪ್ಪಿಸಲು, "ಮೊದಲ ಏನರ ಟೈಪ್ ಮಾಡ್ರಿ" ಎಂದರು. ಲಕ್ಕವ್ವ ಒಂದೇ ಬೆರಳಲ್ಲಿ ಸಂಘದ ಮೂವತ್ತು ಹೆಣ್ಣುಮಕ್ಕಳ ಹೆಸರು ಕುಟ್ಟಿದರು. ಒಂದು ತಾಸು ಹಿಡಿಯಿತು. ಕೊನೆಗೆ ಪರದೆಯ ಮೇಲೆ 'ಉಳಿಸು', 'ಅಳಿಸು' ಎಂಬ ಎರಡು ಗುಂಡಿ ಅಕ್ಕಪಕ್ಕ ಬಂದವು. ಲಕ್ಕವ್ವ ಒಂದನ್ನು ಒತ್ತಿದರು. ಮೂವತ್ತೂ ಮಂದಿ ಮಾಯ!

"ಅಯ್ಯಯ್ಯ! ಉಳಸೂದಕ್ಕೂ ಅಳಸೂದಕ್ಕೂ ಒಂದಕ್ಷರದ ಫರಕ ಇಟ್ಟ ಶಾಣ್ಯಾ ಯಾವಂವ?"

ನನ್ನ ಕಣ್ಣಿಗೆ ಟೈರ್ ಅಂಗಡಿ ಕಂಡಿತು.

"ಬಯಲಿನ ಮಂದೀನ್ರಿ" ಎಂದು ಇವರು ತೊದಲಿದರು. "ಯಾರ್ ಬೇಕಾದ್ರೂ ತಿದ್ದಬಹುದು."

"ನಾವೂ?"

"ನೀವೂ."

"ಹಂಗಾದ್ರ ಬರ್ಕೋರ್ರಿ. ಅಳಿಸು ಅನ್ನೂದು ಬ್ಯಾಡ, ತಗದಹಾಕು ಅಂತ ಇರ್ಲಿ. ಇದ ನಮ್ಮ ಮುಯ್ಯ. ಇನ್ ನಿಮ್ಮ ಬಯಲು ಇಲ್ಲೇ ಇರ್ಲಿ."

ಅವತ್ತೇ ಇವರು ಬರೆದು ಕಳಿಸಿದರು. ಹನ್ನೆರಡು ದಿನಕ್ಕೆ ಉತ್ತರ ಬಂತು. ತಿದ್ದುಪಡಿ ಒಪ್ಪಿಗೆಯಾಗಿತ್ತು. ಬಯಲು ಕಟ್ಟಿದವರ ಪಟ್ಟಿಯಲ್ಲಿ ಒಂದು ಹೊಸ ಹೆಸರಿತ್ತು: ಲಕ್ಕವ್ವ, ಅಂಕಲಗಿ. ಆಯಮ್ಮ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಬಿಡದೆ ತೋರಿಸಿದರು.

ಮುಂದಿನ ವಾರ ಅರಭಾವಿಯ ಹೆಂಗಸೊಬ್ಬಳು ಹಳೇ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಬಂದಳು. ಅವಳ ಹಿಂದೆ ಇನ್ನಿಬ್ಬರು.

"ಲಕ್ಕವ್ವ ಮಾಡಿದ ಬಯಲು ಇಲ್ಲೇ ಹಾಕಿ ಕೊಡ್ತೀರೇನ್ರಿ?"

"ಹಂಗಲ್ರೀ, ಅದು ದೇಶದೇಶದ ಸಾವಿರಾರು ಮಂದಿ..." ಇವರು ಶುರು ಮಾಡಿದರು. ನಾನು ಹಿಂದಿನಿಂದ ಚಿವುಟಿದೆ.

"ಹೌದ್ರಿ" ಎಂದರು. "ಲಕ್ಕವ್ವಂದ. ಕೊಡ್ರಿ ಇಲ್ಲಿ." ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಹೊರಗೆ ಬಂದು ಅಣ್ಣನಿಗೆ ಫೋನ್ ಹಚ್ಚಿ, ಟೈರ್ ಅಂಗಡಿಗೆ ಬೇರೆ ಆಳು ನೋಡಿಕೊಳ್ಳಲು ಹೇಳಿದೆ.

"ಯಾಕವಾ ಅನ್ನಪೂರ್ಣಾ, ಅವರಿಗೆ ಬ್ಯಾರೆ ಕೆಲಸ ಸಿಕ್ತೇನ?"

"ಹ್ಞೂ ಅಣ್ಣಾ. ಲಕ್ಕವ್ವನ ಕೈಕೆಳಗ."