ರಂಗೋಲಿ ಹಾಕುವಾಗ ಕಂಡ ಬೆನ್ನು

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳು ಬಗ್ಗಿದ್ರೆ ಬೆನ್ನು ಬಲಗಡೆ ಮಾತ್ರ ಉಬ್ಬುತ್ತೆ. ಮೂಳೆ ಡಾಕ್ಟರ್‌ಗೆ ಒಂದ್ಸಲ ತೋರ್ಸಿ."

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಜಯನಗರದ ನಮ್ಮ ಮನೆ ಮುಂದೆ ನಾನು ರಂಗೋಲಿ ಹಾಕುತ್ತಿದ್ದಾಗ, ವಾಕಿಂಗ್ ಹೊರಟಿದ್ದ ಅಪರಿಚಿತ ಹೆಂಗಸೊಬ್ಬರು ನಿಂತು ಅಮ್ಮನಿಗೆ ಹೀಗೆ ಹೇಳಿದರು. ನನಗಾಗ ಹದಿಮೂರು ವರ್ಷ. ಅಮ್ಮ ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ರಂಗೋಲಿ ಅರ್ಧಕ್ಕೇ ನಿಂತಿತು. "ಬೆಳೆಯೋ ಹುಡುಗೀನ ಹಾಗಾ ನೋಡೋದು?" ಎಂದು ದಿನವಿಡೀ ಗೊಣಗಿ, ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ತೆಗೆದಾದ ಮೇಲೆ ಮೆಲ್ಲಗೆ, "ಎಲ್ಲಿ, ಸ್ವಲ್ಪ ಬಗ್ಗು" ಎಂದಳು. ನೋಡಿದವಳು ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಬೆನ್ನುಮೂಳೆ ಪಕ್ಕಕ್ಕೆ ಬಾಗತೊಡಗಿತ್ತು. ಬೇಗ ಕರೆತಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಎರಡು ವರ್ಷ ಬಟ್ಟೆಯೊಳಗೆ ಗಟ್ಟಿ ಬೆಲ್ಟು ಹಾಕಿಕೊಂಡೆ; ಬಾಗುವುದು ಅಲ್ಲಿಗೇ ನಿಂತಿತು.

ಆ ಹೆಂಗಸು ಮತ್ತೆ ಸಿಗಲಿಲ್ಲ. ಹೋದ ವಾರ ಬನಶಂಕರಿಯಲ್ಲಿ ರಂಗೋಲಿ ಹಾಕುತ್ತಿದ್ದ ಹುಡುಗಿಯೊಬ್ಬಳ ಬೆನ್ನು ಕಂಡು ನಾನೂ ನಿಂತೆ, ಅದೇ ಮಾತು ಹೇಳಿದೆ. ಅವಳ ತಾಯಿ ನನ್ನನ್ನು ದುರುಗುಟ್ಟಿಕೊಂಡು ನೋಡಿ ಗೇಟು ಹಾಕಿಕೊಂಡರು. ನನಗೇನೂ ಬೇಜಾರಾಗಲಿಲ್ಲ. ಸಂಜೆ ದೃಷ್ಟಿ ತೆಗೆದ ಮೇಲೆ ಮಗಳನ್ನು ಬಗ್ಗಿಸಿ ನೋಡಿಯೇ ಇರುತ್ತಾರೆ.