ನನ್ನ ಸಾಲ್ಟಿಗೆ ಕೈ ಹಾಕಿದವರು ಯಾರು?

ನಾನು ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ನಡೆದದ್ದಿದು. ಮೂರು ವರ್ಷವಾಯಿತು. ಈಗಲೂ ನೆನೆಸಿಕೊಂಡರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ನಮ್ಮೂರು ಚನ್ನಗಿರಿ. ಅಬ್ಬಾ ಕಲಾಯಿ ಹಾಕುವವರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವ ಕೆಲಸ. ಈಗ ಎಲ್ಲರ ಮನೆಗೂ ಸ್ಟೀಲು ಬಂದು ಈ ಕೆಲಸ ಕಡಿಮೆಯಾಗಿದೆ. ಆದರೂ ಮದುವೆ ಮನೆಯ ಕೊಳಗ, ಮಠದ ಹಂಡೆ, ದರ್ಗಾದ ದೊಡ್ಡ ಪಾತ್ರೆ ಅಂತ ಮೊಪೆಡ್ಡಿನ ಹಿಂದೆ ಬೆಂಕಿ ಊದುವ ತಿದಿ ಕಟ್ಟಿಕೊಂಡು ನಲ್ಲೂರು, ಕೆರೆಬಿಳಚಿ ಸುತ್ತಿ ಬರುತ್ತಾರೆ. ಹೋದಲ್ಲೆಲ್ಲ "ನನ್ನ ಮಗಳು ಕೆಮಿಸ್ಟ್ರಿ ಲೆಕ್ಚರರ್ ಆಗ್ತಾಳೆ" ಅಂತ ಸಾರಿಕೊಂಡು ಬರುವುದು ಬೇರೆ. ನಾನಿನ್ನೂ ಬಿ.ಎಸ್ಸಿ. ಮೊದಲ ವರ್ಷದಲ್ಲಿ ಮೋಲ್ ಅಂದರೇನು, ಬಂಧ ಅಂದರೇನು ಅಂತ ತಲೆಬುಡ ಗೊತ್ತಾಗದೆ ಒದ್ದಾಡುತ್ತಿದ್ದಾಗಲೇ ಅವರು ಹಾಗೆ ಹೇಳಿ ಆಗಿತ್ತು. ಪಾಠ ಇಂಗ್ಲಿಷಿನಲ್ಲಿ, ನನ್ನ ಇಂಗ್ಲಿಷು ದೇವರಿಗೇ ಪ್ರೀತಿ. ನನ್ನನ್ನು ಕಾಪಾಡಿದ್ದು ಪ್ರಾಕ್ಟಿಕಲ್. ಬ್ಯುರೆಟ್ಟಿನಿಂದ ಒಂದು ಹನಿ ಜಾಸ್ತಿ ಬಿದ್ದರೆ ಬಣ್ಣ ಬದಲಾಗುತ್ತದಲ್ಲ, ಅದಕ್ಕೆ ಇಂಗ್ಲಿಷು ಬೇಕಾಗಿಲ್ಲ.

ಹೀಗೆ ಹೇಗೋ ಬಿ.ಎಸ್ಸಿ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಅಬ್ಬಾ, "ಅಲ್ಲಿ ಲ್ಯಾಬಿಗೆ ಏನೇನು ಬೇಕಂತೆ?" ಅಂತ ಕೇಳಿದರು. ಬಿಳಿ ಕೋಟು, ಕನ್ನಡಕ, ಗಾಜು ಒರೆಸಲು ಹಳೆಯ ಹತ್ತಿ ಬಟ್ಟೆ ಅಂದೆ. ಎರಡು ದಿನ ಬಿಟ್ಟು ಆರು ಚೌಕ ಬಟ್ಟೆ ಮಡಿಸಿ ತಂದುಕೊಟ್ಟರು. ಹಳೆಯ ಪಂಚೆಯ ಬಟ್ಟೆ, ಅಂಚು ಹೊಲಿದಿದ್ದರು. "ಗಾಜು ಕನ್ನಡಿ ಹೊಳೆದಂಗೆ ಹೊಳೀಬೇಕು ನೋಡು ಬೇಟಾ. ಕಲಾಯಿ ಸಾಬರ ಮಗಳು ಅಂದ್ರೆ ಹಂಗಿರಬೇಕು" ಅಂದರು.

ಮೊದಲ ಸೆಮಿಸ್ಟರ್‌ನಲ್ಲಿ ನಮಗೆ ಸಾಲ್ಟ್ ಅನಾಲಿಸಿಸ್ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಪೊಟ್ಟಣದಲ್ಲಿ ನಂಬರು ಬರೆದು ಬಿಳೀ ಪುಡಿ ಕೊಡುತ್ತಾರೆ. ಅದರಲ್ಲಿ ಯಾವ್ಯಾವ ಲವಣ ಬೆರೆಸಿದ್ದಾರೆ ಅಂತ ಒಂದೊಂದೇ ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಒಟ್ಟು ಐದು ಪೊಟ್ಟಣ. ಪ್ರಾಕ್ಟಿಕಲ್ ನೋಡಿಕೊಳ್ಳುವ ಮೇಡಂ ಹೊನ್ನಾಳಿ ಕಡೆಯವರು, ಬಹಳ ಸ್ಟ್ರಿಕ್ಟು. ಮೊದಲ ದಿನವೇ, "ಐದರಾಗೆ ಎರಡಾದ್ರೂ ಸರಿ ಬರ್ಬೇಕು. ಇಲ್ಲಾಂದ್ರೆ ಪರೀಕ್ಷೆಗೆ ಕೂರಾಕೆ ಬಿಡಲ್ಲ, ಅಳಬ್ಯಾಡ್ರಿ ಆಮೇಲೆ" ಅಂದಿದ್ದರು.

ಮೊದಲ ಪೊಟ್ಟಣ. ನನಗೆ ಅಮೋನಿಯಂ ಬಂತು, ಕ್ಲೋರೈಡ್ ಬಂತು, ಜೊತೆಗೆ ಬೇರೆ ಎರಡು. ಮೇಡಂ ಕೆಂಪು ಪೆನ್ನಿನಲ್ಲಿ ಅಮೋನಿಯಂ ಮತ್ತು ಕ್ಲೋರೈಡ್ ಎರಡನ್ನೂ ಹೊಡೆದು ಹಾಕಿದರು. "ಇಲ್ಲದ್ದನ್ನ ಎಲ್ಲಿಂದ ತಂದಿ?" ಅಂದರು. ಎರಡನೆಯ ಪೊಟ್ಟಣದಲ್ಲೂ ಅವೇ ಎರಡು ಹೆಚ್ಚುವರಿ. ಮತ್ತೆ ಕೆಂಪು ಗೀಟು.

ನಾನು ಸುಮ್ಮನಿರುವ ಜಾತಿಯವಳಲ್ಲ. ತಪ್ಪು ನನ್ನದಲ್ಲ ಅನ್ನುವುದು ನನಗೆ ಖಾತ್ರಿ. ಹಾಗಾದರೆ ಯಾರದ್ದು? ಮೊದಲು ಅನುಮಾನ ಬಂದದ್ದು ಅಟೆಂಡರ್ ಹಾಲಪ್ಪಣ್ಣನ ಮೇಲೆ. ನ್ಯಾಮತಿಯವರು, ಪಾಪದ ಮನುಷ್ಯ. ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ತುಂಬಿಸಿ ಇಡುತ್ತಾರೇನೋ ಅಂತ ಕ್ಯಾನಿನ ಹತ್ತಿರ ಅರ್ಧ ಗಂಟೆ ಕಾದು ನಿಂತೆ. ಅವರು, "ಏನವ್ವ, ನೀರು ಕಾಯಾಕೆ ನಿಂತೀಯಾ? ಓಡಿ ಹೋಗಲ್ಲ ಬಿಡು" ಅಂತ ನಕ್ಕರು. ಅವರು ಬೆನ್ನು ತಿರುಗಿಸಿದ ತಕ್ಷಣ ಆ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆ. ಕ್ಲೋರೈಡ್ ಇದ್ದರೆ ಮೊಸರು ಒಡೆದ ಹಾಗೆ ಬೆಳ್ಳಗಾಗಬೇಕು. ಏನೂ ಆಗಲಿಲ್ಲ. ನೀರು ತಿಳಿಯಾಗಿತ್ತು.

ಹಾಗಾದರೆ ಉಳಿದವಳು ಕೊಟ್ರಮ್ಮ.

ಕೊಟ್ರಮ್ಮ ಜಗಳೂರಿನ ಕಡೆಯ ಹುಡುಗಿ, ನನ್ನ ಪಕ್ಕದ ಜಾಗದವಳು. ಮಾತು ಕಡಿಮೆ. ಅವಳಿಗೆ ಎರಡು ಪೊಟ್ಟಣವೂ ಸರಿ ಬಂದಿದ್ದವು. ನಮ್ಮಿಬ್ಬರ ನಡುವೆ ಅಮೋನಿಯಂ ಕ್ಲೋರೈಡಿನ ಸೀಸೆ ಇರುತ್ತಿತ್ತು, ಬೇರೊಂದು ಪರೀಕ್ಷೆಗೆ ಎಲ್ಲರಿಗೂ ಬೇಕಾದದ್ದು. ಅದೂ ಬಿಳೀ ಪುಡಿಯೇ. ಒಂದು ಚಿಟಿಕೆ ತೆಗೆದು ನನ್ನ ಪೊಟ್ಟಣಕ್ಕೆ ಉದುರಿಸಲು ಎಷ್ಟು ಹೊತ್ತು ಬೇಕು? ಅಮೋನಿಯಂ, ಕ್ಲೋರೈಡ್, ನನಗೆ ಹೆಚ್ಚಾಗಿ ಬರುತ್ತಿದ್ದದ್ದೂ ಅವೇ ಎರಡು! ಒಮ್ಮೆ ತಲೆಗೆ ಹೊಕ್ಕ ಮೇಲೆ ಮುಗಿಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳು ಕೆಮ್ಮಿದರೂ ಅನುಮಾನ, ಕೆಮ್ಮದಿದ್ದರೂ ಅನುಮಾನ.

ಮೂರನೆಯ ಪೊಟ್ಟಣಕ್ಕೆ ನಾನೊಂದು ಉಪಾಯ ಮಾಡಿದೆ. ಪುಡಿಯನ್ನು ಎರಡು ಪಾಲು ಮಾಡಿ ಒಂದನ್ನು ಮೇಜಿನ ಮೇಲಿಟ್ಟೆ. ಇನ್ನೊಂದನ್ನು ಪೊಟ್ಟಣ ಕಟ್ಟಿ ಬ್ಯಾಗಿನೊಳಗೆ ಬಚ್ಚಿಟ್ಟೆ, ಮಡಿಕೆಯ ಮೇಲೆ ನನ್ನದೇ ಒಂದು ಕೂದಲು ಅಂಟಿಸಿದೆ. ಹಿಂದಿನ ಸಲದಂತೆ ಈ ಸಲವೂ ಅಬ್ಬಾ ಕೊಟ್ಟ ಹೊಸ ಬಟ್ಟೆಯೊಂದನ್ನು ತೆಗೆದೆ. ಪ್ರತಿ ಪೊಟ್ಟಣಕ್ಕೂ ಒಂದು ಹೊಸ ಬಟ್ಟೆ, ಅಷ್ಟು ಜಾಗ್ರತೆ ನನ್ನದು. ಪ್ರನಾಳದ ಒಳಗೆಲ್ಲ ಕಡ್ಡಿಯಿಂದ ಬಟ್ಟೆ ತೂರಿಸಿ ಒರೆಸಿ ಪರೀಕ್ಷೆ ಮಾಡಿದೆ. ಮೇಜಿನ ಮೇಲಿನ ಪಾಲಿನಲ್ಲಿ ಅಮೋನಿಯಂ. ಬ್ಯಾಗಿನ ಪಾಲು ತೆಗೆದು ನೋಡಿದರೆ ಕೂದಲು ಇದ್ದಲ್ಲೇ ಇತ್ತು. ಆದರೆ ಅದರಲ್ಲೂ ಅಮೋನಿಯಂ!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಯೋಚನೆ ಮಾಡುತ್ತಿದ್ದರು. ನಾನೇನು ಅಂದುಕೊಂಡೆ ಗೊತ್ತೇ? 'ಅಬ್ಬಬ್ಬಾ, ಎಂಥ ಚಾಲಾಕಿ, ಕೂದಲನ್ನೂ ವಾಪಸ್ ಅಂಟಿಸಿದ್ದಾಳೆ' ಅಂತ!

ಮೂರನೆಯದಕ್ಕೂ ಕೆಂಪು ಗೀಟೇ ಬಿತ್ತು. ನಾಲ್ಕನೆಯ ಪೊಟ್ಟಣದ ದಿನ ಕಾಸ್ಟಿಕ್ ಸೋಡಾ ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು. ನನ್ನ ಬಟ್ಟೆಯಿಂದ ಒರೆಸಿದೆ. ಪಕ್ಕದಲ್ಲಿದ್ದ ಕೊಟ್ರಮ್ಮ ಮೂಗು ಅರಳಿಸಿ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಜೋರಾಗಿ, "ಇಲ್ಲಿ ಯಾರೋ ನನ್ನ ಸಾಲ್ಟಿಗೆ ಏನೋ ಬೆರೆಸ್ತಿದಾರೆ" ಅಂದೆ. ಅವಳ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು, ಸಿಕ್ಕಿಬಿದ್ದಳು ಅಂತ ನನಗೆ ಒಳಗೊಳಗೇ ಖುಷಿ.

ಊಟ ಮುಗಿಸಿ ಬಂದು ನೋಡುತ್ತೇನೆ, ಕೊಟ್ರಮ್ಮ ನನ್ನ ಜಾಗದಲ್ಲಿ ನಿಂತಿದ್ದಾಳೆ. ಅವಳ ಕೈ ನನ್ನ ಬ್ಯಾಗಿನೊಳಗಿದೆ.

"ಕಳ್ಳಿ!" ಅಂತ ನಾನು ಕೂಗಿದ ಕೂಗಿಗೆ ಹಾಲಪ್ಪಣ್ಣ ಬೀಕರ್ ಕೆಳಗೆ ಬಿಟ್ಟರು. ಮೇಡಂ ಓಡಿ ಬಂದರು. ಉಸಿರು ಬಿಡದೆ ಎಲ್ಲ ಹೇಳಿದೆ, ಸೀಸೆ, ಕೂದಲು, ಬ್ಯಾಗು. ಮೇಡಂ ಮುಖ ಗಂಟಾಯಿತು.

"ಏನಮ್ಮಾ ಕೊಟ್ರಮ್ಮ, ಬ್ಯಾಗಿಗೆ ಕೈ ಹಾಕಿದ್ದು ನಿಜಾನಾ?"

"ಹಾಕಿದ್ದು ನಿಜ ಮೇಡಂ. ಆದ್ರೆ..."

"ಆದ್ರೆಗೀದ್ರೆ ಏನಿಲ್ಲ. ಕೋಟು ಬಿಚ್ಚಿಟ್ಟು ಹೊರಗೆ ಕೂತ್ಕೊ. ನಾನು ಹೆಡ್ ಹತ್ರ ಬರೆದು ಕೊಡ್ತೀನಿ. ಬೇರೆಯೋರ ಸಾಲ್ಟ್ ಕೆಡಿಸೋಳಿಗೆ ಈ ಲ್ಯಾಬಿನಾಗೆ ಜಾಗ ಇಲ್ಲ."

ಕೊಟ್ರಮ್ಮ ಕೋಟಿನ ಗುಂಡಿ ಬಿಚ್ಚುತ್ತಾ ಅಳಲು ಶುರುಮಾಡಿದಳು. "ನಮ್ಮವ್ವ ಊರಾಗೆ ಇಸ್ಕೂಲಿನ ಬಿಸಿಯೂಟ ಮಾಡಿ ನನ್ನ ಓದಿಸ್ತಾಳೆ ಮೇಡಂ. ಕಳ್ಳಿ ಅಂತ ಹೆಸರು ಹೊತ್ಕೊಂಡು ಅವಳ ಮುಂದೆ ಹೆಂಗೆ ಹೋಗಿ ನಿಂದ್ರಲಿ?" ಅಂದಳು. ಆಮೇಲೆ ಕೈಯಲ್ಲಿದ್ದದ್ದನ್ನು ಮುಂದೆ ಹಿಡಿದಳು. ನನ್ನ ಬಟ್ಟೆ. ಇನ್ನೂ ಬಿಚ್ಚದ ಐದನೆಯದು. "ಒಂದೇ ಒಂದು ಕೆಲಸ ಮಾಡ್ರಿ. ಇದನ್ನ ಟೆಸ್ಟ್ ಮಾಡ್ರಿ. ಬೆಳಿಗ್ಗೆ ಇವಳು ಕಾಸ್ಟಿಕ್ ಒರೆಸಿದಾಗ ಬಟ್ಟೆಯಿಂದ ಅಮೋನಿಯಾ ಘಾಟು ಬಂತು. ಕೇಳಿದ್ರೆ ಮೈಮೇಲೆ ಬರ್ತಾಳೆ, ಅದಕ್ಕೆ ನಾನೇ ನೋಡೋಣ ಅಂತ ತಗೊಂಡೆ."

ನನಗೆ ನಗು ಬಂತು. ಬಟ್ಟೆಯನ್ನು ಕಿತ್ತುಕೊಂಡು ಮೂಸಿದೆ. ಏನೂ ಇಲ್ಲ! ನಮ್ಮ ಮನೆಯ ವಾಸನೆ, ಅಷ್ಟೇ. "ಏನು ಘಾಟು? ಸುಳ್ಳು ಹೇಳ್ಬೇಡ" ಅಂದೆ.

ಮೇಡಂ ಕತ್ತರಿಯಿಂದ ಬಟ್ಟೆಯ ಮೂಲೆ ಕತ್ತರಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ, ಆ ನೀರನ್ನು ಎರಡು ಪ್ರನಾಳಕ್ಕೆ ಹಾಕಿದರು. ಒಂದಕ್ಕೆ ಸಿಲ್ವರ್ ನೈಟ್ರೇಟ್. ಹಾಲು ಒಡೆದ ಹಾಗೆ ಬೆಳ್ಳಗೆ ಗಟ್ಟಿಯಾಯಿತು. ಇನ್ನೊಂದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಪ್ರನಾಳದ ಬಾಯಿಗೆ ಹಿಡಿದರು. ಅದು ನೀಲಿಯಾಯಿತು. ಸುತ್ತ ನಿಂತಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನೊಬ್ಬಳೇ ಮುಚ್ಚಿಕೊಳ್ಳಲಿಲ್ಲ.

"ಅಮೋನಿಯಂ ಕ್ಲೋರೈಡ್" ಅಂದರು ಮೇಡಂ. "ಈ ಬಟ್ಟೆ ಎಲ್ಲಿಂದ ತಂದಿ?"

ಅಮೋನಿಯಂ ಕ್ಲೋರೈಡಿಗೆ ನಮ್ಮ ಮನೆಯಲ್ಲಿ ಇನ್ನೊಂದು ಹೆಸರಿದೆ, ನವಸಾಗರ. ಅದಿಲ್ಲದೆ ಕಲಾಯಿ ಇಲ್ಲ. ಕಾದ ಪಾತ್ರೆಗೆ ನವಸಾಗರ ಉದುರಿಸಿ ಬಟ್ಟೆಯಿಂದ ತಿಕ್ಕಿದರೆ ಘಾಟಿನ ಬಿಳೀ ಹೊಗೆ ಎದ್ದು, ಎಂಥ ಕಿಲುಬಾದರೂ ಬಿಟ್ಟು ಹೋಗುತ್ತದೆ, ಆಮೇಲೆ ತವರ ಹಿಡಿಯುತ್ತದೆ. ಹುಟ್ಟಿದಾಗಿನಿಂದ ಆ ಹೊಗೆಯಲ್ಲೇ ಬೆಳೆದ ಮೂಗು ನನ್ನದು. ಅಲ್ಲಿ ನಿಂತವರಿಗೆಲ್ಲ ಹೊಡೆದ ಘಾಟು ನನಗೆ ಮನೆಯ ವಾಸನೆ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ.

ತಲೆ ತಗ್ಗಿಸಿ ಮೇಡಂಗೆ ಎಲ್ಲ ಹೇಳಿದೆ. ಅವರು, "ನನ್ನದೂ ತಪ್ಪೈತೆ. ಪೂರ್ತಿ ಕೇಳದೆ ಕೋಟು ಬಿಚ್ಚು ಅಂದೆ" ಅಂದರು. ಕೊಟ್ರಮ್ಮನ ಕೋಟನ್ನು ತಾವೇ ಎತ್ತಿ ಕೊಟ್ಟರು. ಮೇಡಂ ಅಂಥವರೇ ತಪ್ಪು ಒಪ್ಪಿಕೊಂಡ ಮೇಲೆ ನಾನು ಇನ್ನೇನು ಮಾಡಲಿ? ಎಲ್ಲರ ಎದುರಿಗೆ ಕೊಟ್ರಮ್ಮನ ಕೈ ಹಿಡಿದುಕೊಂಡು "ತಪ್ಪಾಯ್ತು" ಅಂದೆ. ಅವಳು ಕೈ ಬಿಡಿಸಿಕೊಂಡಳು. "ಕಳ್ಳಿ ಅಂತ ಅಷ್ಟು ಜೋರಾಗಿ ಕೂಗಿದೆಯಲ್ಲ ಶಬಾನಾ, ತಪ್ಪಾಯ್ತು ಅನ್ನಾಕೆ ದನಿ ಯಾಕೆ ಇಷ್ಟು ಸಣ್ಣದಾಯ್ತು?" ಅಂದಳು. ಅದು ಎದೆಗೆ ನಾಟಿತು. ಲ್ಯಾಬಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಆಗ ಅವಳು ಕಣ್ಣೊರೆಸಿಕೊಂಡು, ಗಾಜು ಒರೆಸುವ ತನ್ನ ಬಟ್ಟೆಯನ್ನು ಪರ್ ಅಂತ ಹರಿದು ಅರ್ಧ ನನ್ನ ಮುಂದೆ ಇಟ್ಟಳು.

ನಾಲ್ಕನೆಯ ಪೊಟ್ಟಣವನ್ನು ಮತ್ತೆ ಮಾಡಲು ಮೇಡಂ ಬಿಟ್ಟರು. ಅದೂ ಐದನೆಯದೂ ಎರಡೂ ಸರಿ ಬಂದವು. ಪರೀಕ್ಷೆಗೆ ಕೂತೆ, ಪಾಸೂ ಆದೆ.

ಆ ದಿನ ಸಂಜೆಯೇ ಅಬ್ಬಾಗೆ ಫೋನ್ ಮಾಡಿದೆ. ಬಟ್ಟೆಗೆ ಏನಾದರೂ ಹಾಕಿದ್ದರೇನು ಅಂತ ಮೆಲ್ಲಗೆ ಕೇಳಿದೆ. "ಮತ್ತೇನು, ಸುಮ್ನೆ ಕೊಡ್ತೀನಾ? ಒಳ್ಳೆ ನವಸಾಗರ ನೀರಿಗೆ ಹಾಕಿ, ಬಟ್ಟೆ ಅದರಾಗೆ ಅದ್ದಿ ಒಣಗಿಸಿದ್ದೆ. ಗಾಜು ಹೊಳೀತೈತೋ ಇಲ್ಲೋ?" ಅಂದರು. ಆ ದನಿಯಲ್ಲಿ ಹೆಮ್ಮೆ ತುಂಬಿತ್ತು. "ಹೊಳೀತೈತೆ ಅಬ್ಬಾ" ಅಂದೆ. "ಹಂಗಾದ್ರೆ ಇನ್ನೊಂದು ಆರು ಕಳಿಸ್ತೀನಿ!" ಅಂದರು. ಬೇಡ ಬೇಡ ಅನ್ನುವಷ್ಟರಲ್ಲಿ ಸಾಕುಬೇಕಾಯಿತು.

ಈಗ ನಾನೊಂದು ಕಾಲೇಜಿನಲ್ಲಿ ಮಕ್ಕಳಿಗೆ ಇದೇ ಸಾಲ್ಟ್ ಅನಾಲಿಸಿಸ್ ಹೇಳಿಕೊಡುತ್ತೇನೆ. "ಮೇಡಂ, ಪಕ್ಕದವರು ಏನೋ ಬೆರೆಸಿದಾರೆ" ಅಂತ ಯಾರಾದರೂ ಬಂದರೆ, ಮೊದಲು ನಿಮ್ಮ ಕೈಯಲ್ಲಿರುವ ಬಟ್ಟೆ ತೋರಿಸಿ ಅನ್ನುತ್ತೇನೆ. ಯಾಕೆ ಅಂತ ಅವರಿಗೆ ಗೊತ್ತಿಲ್ಲ.

ಕೊಟ್ರಮ್ಮ ನನ್ನನ್ನು ಪೂರ್ತಿ ಕ್ಷಮಿಸಲು ಒಂದು ವರ್ಷ ಹಿಡಿಯಿತು. ಎರಡನೆಯ ವರ್ಷದ ರಜೆಯಲ್ಲಿ ಅವಳ ಅವ್ವನ ಹಿತ್ತಾಳೆ ತಪ್ಪಲೆ ಹೊತ್ತುಕೊಂಡು ಕಲಾಯಿ ಹಾಕಿಸಲು ನಮ್ಮ ಮನೆಗೆ ಬಂದಳು. ಅಬ್ಬಾ ತಪ್ಪಲೆ ಕಾಯಿಸಿ ನವಸಾಗರ ಉದುರಿಸಿದರು. ಗುಪ್ಪೆಂದು ಬಿಳೀ ಹೊಗೆ ಎದ್ದಿತು. ಕೊಟ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಆರಾಮಾಗಿ ಉಸಿರಾಡುತ್ತಾ ಕೂತಿದ್ದೆ.

"ನೀನೂ ಅದೇ ಲ್ಯಾಬಿನೋಳಾ ಅವ್ವ?" ಅಂತ ಕೇಳಿದರು ಅಬ್ಬಾ. "ಈಕಿಗೆ ನಾನು ಬಟ್ಟೆ ಕೊಟ್ಟಿದ್ದೆ. ನೀನೇ ಖರೆ ಹೇಳು, ಗಾಜು ಹೊಳೀತಾ?"

ನಾನು ಅವಳನ್ನು ಎಲ್ಲರೆದುರು ಕಳ್ಳಿ ಅಂದಿದ್ದೆ. ಇಲ್ಲಿ ಅವಳು ಒಂದೇ ಒಂದು ನಿಜ ಹೇಳಿದ್ದರೆ ನನ್ನ ಅಬ್ಬಾನ ಮುಖ ಸಣ್ಣದಾಗುತ್ತಿತ್ತು. ಕೊಟ್ರಮ್ಮ ಸೆರಗು ಕೆಳಗಿಳಿಸಿದಳು. ಹೊಗೆಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು.

"ಹೊಳೀತ್ರೀ ಮಾಮಾ" ಅಂದಳು. "ಇಡೀ ಲ್ಯಾಬೇ ನಿಂತು ನೋಡ್ತು."

ಅಬ್ಬಾನ ಮುಖ ಅರಳಿತು, ತಿದಿ ಇನ್ನಷ್ಟು ಜೋರಾಗಿ ಒತ್ತಿದರು. ನನಗೂ ಕಣ್ಣಲ್ಲಿ ನೀರು ಬಂತು. ನನ್ನದು ಹೊಗೆಯಿಂದಲ್ಲ, ಅದು ಕೊಟ್ರಮ್ಮನಿಗೆ ಗೊತ್ತಿತ್ತು.